ಛತ್ತಿಗೆ ಮೊದಲು ಬಣ್ಣ, ಆಮೇಲೆ ಸುಣ್ಣ: ಎರಡು ಬೇಸಿಗೆ ಕಂಡು ಬರೆದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ಹಾಕಿಸಿದ ‘ಕೂಲ್ ರೂಫ್’ ಬಣ್ಣದ, ಅಂದರೆ ಬಿಸಿಲನ್ನು ವಾಪಸ್ ಎಸೆದು ಛತ್ತು ತಂಪಾಗಿಡುವ ಬಣ್ಣದ ಕೆಲಸಕ್ಕೆ ಐದಕ್ಕೆ ಎರಡು ಸ್ಟಾರ್. ನಾವೇ ಕಲಸಿ ಬಳಿದ ಸುಣ್ಣಕ್ಕೆ ನಾಲ್ಕು. ಯಾಕೆ ಅಂತ ಹೇಳಬೇಕಾದರೆ ಒಂದು ಖಣದ ಕುಪ್ಪಸದಿಂದ ಶುರು ಮಾಡಬೇಕು.

ನಾನು ಕಲಬುರಗಿಯಲ್ಲಿ ಮನೆಯಲ್ಲೇ ಕೂತು ಬಟ್ಟೆ ಹೊಲಿಯುವವಳು. ಬ್ಲೌಸು, ಸೀರೆಗೆ ಫಾಲ್, ಶಾಲೆ ಮಕ್ಕಳ ಯೂನಿಫಾರ್ಮು. 2024ರ ಮಾರ್ಚ್ ಮೊದಲ ವಾರ, ಮದುವೆ ಸೀಸನ್. ಗುಳೇದಗುಡ್ಡದ ಖಣ, ಕೊರಳಿಗೆ ಪೈಪಿಂಗ್ ಕೂಡಿಸುತ್ತಿದ್ದೆ. ಹಣೆಯಿಂದ ಬೆವರು ಟಪ್ಪಂತ ಅದರ ಮೇಲೆ ಬಿತ್ತು. ಒರೆಸಿದೆ, ನೀರು ಚಿಮುಕಿಸಿದೆ, ಏನು ಮಾಡಿದರೂ ಕಲೆ ಹೋಗಲಿಲ್ಲ. ಗಿರಾಕಿಗೆ 600 ರೂಪಾಯಿ ಕೊಟ್ಟು ಕೈ ಮುಗಿದೆ. ಹೊಲಿಗೆಗೆ ನಾನು ತೆಗೆದುಕೊಳ್ಳುವುದು 250.

ನಮ್ಮದು ಅತ್ತೆಗೆ ಆಶ್ರಯ ಯೋಜನೆಯಲ್ಲಿ ಸಿಕ್ಕ ಜಾಗ. ಮೊದಲು ಮೇಲೆ ಪತ್ರಾಸು, ಅಂದರೆ ತಗಡು ಇತ್ತು. 2011ರಲ್ಲಿ ಸಾಲ ಮಾಡಿ ಸ್ಲ್ಯಾಬ್ ಹಾಕಿಸಿದೆವು. ಅಗಲ 20 ಅಡಿ, ಉದ್ದ 22 ಅಡಿ. ಸ್ಲ್ಯಾಬ್ ಬಿದ್ದ ದಿನ ಓಣಿಗೆಲ್ಲ ಪೇಢೆ ಹಂಚಿದ್ದೆ. ಬೇಸಿಗೆ ಬಂದ ಮೇಲೆ ಗೊತ್ತಾಯಿತು. ಪತ್ರಾಸು ಹಗಲು ಸುಡುತ್ತಿತ್ತು ನಿಜ, ಹೊತ್ತು ಮುಳುಗಿದ ಮೇಲೆ ಬೇಗ ತಣ್ಣಗಾಗುತ್ತಿತ್ತು. ಸ್ಲ್ಯಾಬ್ ಹಾಗಲ್ಲ. ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ನಮ್ಮ ಮೇಲೆ ಕಾರುತ್ತದೆ. ಇಲ್ಲಿ ಮೇ ತಿಂಗಳಲ್ಲಿ 42, 43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಕುಪ್ಪಸ ಕೆಟ್ಟ ಮೇಲೆ ಮಹಿಳಾ ಸಂಘದಲ್ಲಿ 25,000 ಸಾಲ ಎತ್ತಿದೆ. ದುಡ್ಡು ಕೈಗೆ ಬಂದದ್ದೇ ತಡ, ಎಲ್ಲರೂ ಸಲಹೆಗಾರರಾದರು. ಮಗ ಕೂಲರ್ ಅಂದ. ಮೈದುನ ಸೋಲಾರ್ ಅಂದ. ಪಕ್ಕದ ಮನೆಯವರು ಒಳಗೆ ಪಿಒಪಿ ಸೀಲಿಂಗ್ ಹೊಡೆಸಿ, ಚಂದಾನೂ ಕಾಣ್ತದ ಅಂದರು. ಯಜಮಾನರು ಎಂದಿನಂತೆ ಸುಮ್ಮನಿದ್ದರು.

ನನಗೆ ನೆನಪಾದದ್ದು ಅವ್ವ. ಚಿತ್ತಾಪುರ ತಾಲೂಕಿನ ಹಳ್ಳಿ ನನ್ನ ತವರು. ಅಲ್ಲಿ ತಮ್ಮನಿಗೆ ಪಿಎಂ ಆವಾಸ್ ಗ್ರಾಮೀಣ್ ಯೋಜನೆಯಲ್ಲಿ ಮನೆ ಬಂತು. 1.20 ಲಕ್ಷ ಸರ್ಕಾರದ್ದು, ಉಳಿದದ್ದು ಅವನ ಸಾಲ. ಬುನಾದಿ ಆಯಿತಾ, ಫೋಟೋ, ಒಂದು ಕಂತು. ಗೋಡೆ ಎದ್ದಿತಾ, ಫೋಟೋ, ಇನ್ನೊಂದು ಕಂತು. ಮನೆ ನಿಂತಿತು. ಮೊದಲ ಬೇಸಿಗೆಗೇ ಅವ್ವ ಚಾಪೆ ಸುತ್ತಿಕೊಂಡು ಹಳೆಯ ಮೇಲ್ಮುದ್ದೆ ಮನೆಗೆ ವಾಪಸ್ ಹೋದಳು. ಅಲ್ಲಿ ಮೇಲೆ ಜಂತಿ, ಅದರ ಮೇಲೆ ಗೇಣುದ್ದ ಮಣ್ಣು, ಕಲ್ಲಿನ ದಪ್ಪ ಗೋಡೆ, ನೆಲಕ್ಕೆ ಶಹಾಬಾದ್ ಫರಸಿ. ಮಳೆಗಾಲದಲ್ಲಿ ಸೋರುತ್ತದೆ, ಇಲಿ ಇವೆ. ಆದರೂ ಮಧ್ಯಾಹ್ನ ಅಲ್ಲಿ ನಿದ್ದೆ ಬರುತ್ತದೆ. “ಹೊಸ ಮನಿ ಫೋಟೋಕ್ಕ ಇರ್ಲಿ, ಮಲಗಾಕ ಇದೇ ಇರ್ಲಿ” ಅಂದಳು ಅವ್ವ. ಬಿಸಿ ಬರುವುದು ಮೇಲಿನಿಂದ ಅಂತ ಅವಳಿಗೆ ಯಾವ ಎಂಜಿನಿಯರೂ ಹೇಳಿಕೊಡಬೇಕಿರಲಿಲ್ಲ. ಹಾಗಾಗಿ ನನ್ನ ಮೊದಲ ರೂಪಾಯಿ ಛತ್ತಿಗೆ ಅಂತ ತೀರ್ಮಾನಿಸಿದೆ.

ಇನ್ನು ಬಣ್ಣದವರ ಕಥೆ. ಹೆಸರು ಬರೆಯುವುದಿಲ್ಲ, ಊರಲ್ಲಿ ಇಂಥವರು ಬಹಳ ಮಂದಿ ಇದ್ದಾರೆ. ಚದರ ಅಡಿಗೆ 22 ರೂಪಾಯಿ, 440 ಅಡಿಗೆ 9,680. ಐದು ವರ್ಷ ಗ್ಯಾರಂಟಿ ಅಂತ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಕೊಟ್ಟರು. ಬೆಳಗ್ಗೆ ಏಳಕ್ಕೆ ಬರುತ್ತೇವೆ ಅಂದವರು ಹನ್ನೊಂದಕ್ಕೆ ಬಂದರು. ಆ ಹೊತ್ತಿಗೆ ಛತ್ತಿನ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಕಸಬರಿಗೆಯಲ್ಲಿ ಒಂದು ಸಲ ಗುಡಿಸಿದರು, ಅಷ್ಟೇ. ನೀರು ಹಾಕಿ ತಿಕ್ಕಲಿಲ್ಲ. ನೀರಿನ ಟಾಕಿ ಹತ್ತಿರ ಬೆರಳುದ್ದದ ಬಿರುಕು ತೋರಿಸಿದೆ. “ಬಣ್ಣ ಕುಡದ್ರ ಮುಚ್ಚಿಕೊಳ್ತದ ಬಿಡ್ರಿ ಅಕ್ಕಾರ” ಅಂದ ಹುಡುಗ. ಕಾದ ಸಿಮೆಂಟಿನ ಮೇಲೆ ರೋಲರ್ ಎಳೆದದ್ದೇ ಬಣ್ಣ ಒಣಗಿ ಹೋಗುತ್ತಿತ್ತು. ಎರಡು ಕೋಟ್ ಅಂದಿದ್ದರು. ಎರಡನೆಯದು ಮೂಲೆಗಳಿಗೆ ಮುಟ್ಟಲೇ ಇಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು!

ಆದರೂ ನ್ಯಾಯ ನ್ಯಾಯವೇ. ಆ ಬೇಸಿಗೆ ತಂಪು ಸಿಕ್ಕಿತು. ಸುಮ್ನೆ ಅನಿಸಿಕೆ ಅಲ್ಲ, ಅಳೆದು ನೋಡಿದ್ದೇನೆ. ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ ಒಂದಕ್ಕೆ 180 ರೂಪಾಯಿಯಂತೆ ಒಂದೇ ತರಹದ ಎರಡು ಥರ್ಮಾಮೀಟರ್ ತಂದೆ. ಗೋಡೆಗೆ ನೇತುಹಾಕುವಂಥವು, ಜೋಡಿಗೆ 360. ಒಂದು ನಮ್ಮ ಮನೆಗೆ, ಒಂದು ಪಕ್ಕದ ಮನೆಗೆ. ಎರಡೂ ಒಂದೇ ಅಳತೆಯ ಮನೆಗಳು, ಒಂದೇ ದಿಕ್ಕು. ಅವರ ಛತ್ತು ಬರಿಯ ಸಿಮೆಂಟು. ಏಪ್ರಿಲ್ ಕೊನೆಯಲ್ಲಿ ಸಂಜೆ ನಾಲ್ಕಕ್ಕೆ ಅವರಲ್ಲಿ 40, ನಮ್ಮಲ್ಲಿ 37. ರಾತ್ರಿ ಹತ್ತಕ್ಕೆ ಅವರಲ್ಲಿ 38, ನಮ್ಮಲ್ಲಿ 35. ಮೂರು ಡಿಗ್ರಿ ಅಂದರೆ ಇಷ್ಟೇನಾ ಅನಿಸಬಹುದು. ಆ ಮೂರು ಡಿಗ್ರಿಯಲ್ಲಿ ನಾನು ಮಧ್ಯಾಹ್ನ ಎರಡು ಬ್ಲೌಸು ಜಾಸ್ತಿ ಹೊಲಿದಿದ್ದೇನೆ.

ಜೂನಿನಲ್ಲಿ ಮಳೆ ಬಂತು. ಮೊದಲ ಮಳೆಗೇ ಟಾಕಿ ಹತ್ತಿರ ಬಣ್ಣ ಹಪ್ಪಳದ ಹಾಗೆ ಎದ್ದಿತು. ಎರಡನೆಯ ಮಳೆಗೆ ಅಂಗೈಯಗಲದ ಸಿಪ್ಪೆಗಳು ಪೈಪಿಗೆ ಅಡ್ಡ ಸಿಕ್ಕಿ ಛತ್ತಿನ ಮೇಲೆ ನೀರು ನಿಂತಿತು. ಬಿರುಕಿನಲ್ಲಿ ನೀರು ಇಳಿದು ಒಳಗೆ ಕಪಾಟಿನ ಮೇಲೆ ಹನಿ. ಗ್ಯಾರಂಟಿ ಕಾಗದ ಹಿಡಿದು ಫೋನ್ ಮಾಡಿದೆ. ಮೊದಲು “ನಾಳೆ ಬರ್ತೀವ್ರಿ”, ಆಮೇಲೆ “ಮಳಿ ನಿಂತ ಮ್ಯಾಲೆ”, ದೀಪಾವಳಿ ಹೊತ್ತಿಗೆ ಫೋನೇ ಎತ್ತಲಿಲ್ಲ. ಅದಕ್ಕೇ ಎರಡು ಸ್ಟಾರ್. ಎರಡೂ ಬಣ್ಣಕ್ಕೆ, ಬಳಿದವರಿಗೆ ಸೊನ್ನೆ.

2025ರ ಫೆಬ್ರವರಿಯಲ್ಲಿ ಸುಣ್ಣಕ್ಕೆ ಬಂದೆ. ಈ ಬುದ್ಧಿ ಕೊಟ್ಟದ್ದು ನಮ್ಮ ಓಣಿಯ ಹಿರಿಯ ಮೇಸ್ತ್ರಿ. “ಅಕ್ಕಾ, ಹಳೀ ಕಾಲದಾಗ ಛತ್ತಿಗೆ ಏನ್ ಬಡೀತಿದ್ರು? ಅದನ್ನ ಬಡದು ನೋಡು” ಅಂದ.

ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಇದನ್ನೇ. ಮೊದಲು ಒಂದು ದಿನ ಪೂರ್ತಿ ತಯಾರಿ. ಎದ್ದ ಹಳೆಯ ಬಣ್ಣವನ್ನು ಕರಣಿಯಿಂದ ಕೆರೆದೆವು. ತಂತಿ ಬ್ರಷ್‌ನಿಂದ ತಿಕ್ಕಿ, ನೀರು ಹಾಕಿ ತೊಳೆದೆವು. ಬಿರುಕನ್ನು ಮೇಸ್ತ್ರಿ ‘ವಿ’ ಆಕಾರದಲ್ಲಿ ಸ್ವಲ್ಪ ಅಗಲ ಮಾಡಿ, ವಾಟರ್‌ಪ್ರೂಫ್ ಪುಟ್ಟಿ ತುಂಬಿ, ಎರಡು ದಿನ ಒಣಗಲು ಬಿಟ್ಟ. ಅದೇ ಹೊತ್ತಿಗೆ ಹಳೆಯ ಡ್ರಮ್ಮಿನಲ್ಲಿ 25 ಕೆಜಿ ಸುಣ್ಣದ ಹರಳಿಗೆ ನೀರು ಹಾಕಿದೆವು. ಒಂದು ಎಚ್ಚರಿಕೆ: ನೀರು ಬಿದ್ದದ್ದೇ ಸುಣ್ಣ ಕೊತಕೊತ ಕುದಿಯುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ, ಪ್ಲಾಸ್ಟಿಕ್ ಬಕೆಟ್ ಬೇಡ, ಕಣ್ಣಿಗೆ ಕನ್ನಡಕ ಇರಲಿ. ನನ್ನ ಮಗ ಬೈಕಿನ ಹೆಲ್ಮೆಟ್ ಹಾಕಿಕೊಂಡೇ ಕೋಲಾಡಿಸಿದ. ಓಣಿಯವರು ನಕ್ಕರು, ನಗಲಿ.

ರಾತ್ರಿ ನೆನೆದ ಸುಣ್ಣವನ್ನು ಹಳೆಯ ಲಂಗದ ಬಟ್ಟೆಯಲ್ಲಿ ಸೋಸಿ, 5 ಕೆಜಿ ವೈಟ್ ಸಿಮೆಂಟು ಮತ್ತು ಸುಣ್ಣಕ್ಕೆ ಹಾಕುವ ಅಂಟು ಕಲಸಿದೆವು. ಅಂಟು ಇಲ್ಲದಿದ್ದರೆ ಒಣಗಿದ ಮೇಲೆ ಕೈಗೆಲ್ಲ ಹತ್ತುತ್ತದೆ. ಬೆಳಗ್ಗೆ ಆರಕ್ಕೆ, ಛತ್ತು ತಣ್ಣಗಿರುವಾಗ, ನೀರು ಚಿಮುಕಿಸಿ ಒಂದು ಕೈ ಅಡ್ಡ. ಮರುದಿನ ಬೆಳಗ್ಗೆ ಒಂದು ಕೈ ಉದ್ದ. ಖರ್ಚು ಬರೆದಿಟ್ಟಿದ್ದೇನೆ. ಸುಣ್ಣ 450, ವೈಟ್ ಸಿಮೆಂಟು 180, ಅಂಟು 320, ಪುಟ್ಟಿ 480, ಬ್ರಷ್ಷು 220, ಮೇಸ್ತ್ರಿ ಕೂಲಿ 900. ಒಟ್ಟು 2,550.

ಮೇ ತಿಂಗಳಲ್ಲಿ ಮತ್ತೆ ಅಳೆದೆ. ಸಂಜೆ ನಾಲ್ಕಕ್ಕೆ ಪಕ್ಕದ ಮನೆ 40, ನಮ್ಮದು 37.5. ಬಣ್ಣಕ್ಕಿಂತ ಅರ್ಧ ಡಿಗ್ರಿ ಹಿಂದೆ. 9,680 ಎಲ್ಲಿ, 2,550 ಎಲ್ಲಿ, ಅಲ್ವಾ?

ಒಂದು ಸ್ಟಾರ್ ಯಾಕೆ ಕಡಿಮೆ ಮಾಡಿದೆ ಅಂದರೆ, ತೊಂದರೆಗಳೂ ಇವೆ. ಮಧ್ಯಾಹ್ನ ಮೇಲೆ ಹೋದರೆ ಕಣ್ಣು ಕುಕ್ಕುತ್ತದೆ. ಶ್ಯಾವಿಗೆ, ಸಂಡಿಗೆ ಒಣಗಿಸಲು ಕೆಳಗೆ ದಪ್ಪ ಬಟ್ಟೆ ಬೇಕೇ ಬೇಕು. ರಾತ್ರಿ ಮೇಲೆ ಮಲಗಿದರೆ ಹಾಸಿಗೆಗೆ ಬಿಳಿ ಹತ್ತುತ್ತದೆ. ಟಾಕಿ ತುಂಬಿ ಚೆಲ್ಲುವ ಜಾಗದಲ್ಲಿ ಒಂದೇ ಮಳೆಗಾಲಕ್ಕೆ ತೊಳೆದುಹೋಯಿತು. ನಮ್ಮೂರ ಧೂಳಿಗೆ ಎಂಟು ತಿಂಗಳಲ್ಲಿ ಬಿಳಿ ಹೋಗಿ ಬೂದಿ ಬಣ್ಣ ಬರುತ್ತದೆ, ಬಿಳಿ ಹೋದಷ್ಟೂ ತಂಪೂ ಹೋಗುತ್ತದೆ. ವರ್ಷಕ್ಕೊಂದು ಸಲ ಬಳಿಯಲೇಬೇಕು. ಹೇಗೂ ಯುಗಾದಿಗೆ ಗೋಡೆಗೆ ಸುಣ್ಣ ಹೊಡೆಯುತ್ತೇವಲ್ಲ, ಅದರ ಜೊತೆ ಇದೂ ಒಂದು.

ಫ್ಯಾನಿನ ಬಗ್ಗೆಯೂ ಒಂದು ಮಾತು. ಛತ್ತಿನ ಸಾಲದಲ್ಲಿ ಉಳಿದದ್ದರಿಂದ ಕರೆಂಟ್ ಕಡಿಮೆ ಎಳೆಯುವ ಎರಡು ಬಿಎಲ್‌ಡಿಸಿ ಫ್ಯಾನ್ ತಂದೆ, ಒಂದಕ್ಕೆ 2,700. ಹಳೆಯದು 75 ವ್ಯಾಟ್ ಎಳೆಯುತ್ತಿತ್ತು, ಇದು ಜೋರಾಗಿ ತಿರುಗಿದಾಗಲೂ 28. ದಿನಕ್ಕೆ ಹದಿನೈದು ತಾಸು ಅಂತ ಲೆಕ್ಕ ಹಾಕಿದರೆ ಎರಡರಿಂದ ತಿಂಗಳಿಗೆ 40 ಯೂನಿಟ್ ಮೇಲೇ ಉಳಿತಾಯ. “ಕರೆಂಟ್ ಫ್ರೀ ಅದಲ್ಲ, ಯಾಕ ಉಳಿಸ್ತಿ?” ಅಂತ ಕೇಳಿದವರಿದ್ದಾರೆ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಇಲ್ಲ. ನಮ್ಮಂಥವರಿಗೆ 2022-23ರ ಬಳಕೆಯ ತಿಂಗಳ ಸರಾಸರಿಯ ಮೇಲೆ ಶೇ 10 ಸೇರಿಸಿ ಅಷ್ಟೇ. ನಮ್ಮ ಪಾಲು 88. ಇಸ್ತ್ರಿ ಪೆಟ್ಟಿಗೆ, ಹೊಲಿಗೆ ಮಷಿನ್ ಮೋಟಾರು ಇರುವ ಮನೆಯಲ್ಲಿ ಬೇಸಿಗೆಯ 88 ಯೂನಿಟ್ ಇಪ್ಪತ್ತು ದಿನಕ್ಕೇ ಮುಗಿಯುತ್ತಿತ್ತು. ಫ್ಯಾನ್ ಬದಲಿಸಿದ ಮೇಲೆ ಜೆಸ್ಕಾಂ ಕರೆಂಟ್ ಬಿಲ್ಲು ಎರಡು ತಿಂಗಳು ಬಿಟ್ಟರೆ ಸೊನ್ನೆಯೇ ಬಂದಿದೆ. ಫಿಟಿಂಗ್ ಮಾಡುವಾಗ ಮಾತ್ರ ಹುಷಾರು. ನಮ್ಮ ಎಲೆಕ್ಟ್ರಿಷಿಯನ್ ಹಳೆಯ ರೆಗ್ಯುಲೇಟರ್ ತೆಗೆಯದೆ ಜೋಡಿಸಿಬಿಟ್ಟ, ಫ್ಯಾನು ಜೇನುಹುಳದ ಹಾಗೆ ಗುಂಯ್ ಅಂತಿತ್ತು. ರೆಗ್ಯುಲೇಟರ್ ತೆಗೆಸಿದ ಮೇಲೆ ಸರಿಹೋಯಿತು. ರಿಮೋಟು ಕಳೆದು ಎರಡು ದಿನ ಹುಡುಕಿದ್ದೂ ಉಂಟು. ಇಷ್ಟಾದರೂ ಒಂದು ಮಾತು ನಿಜ: ಸ್ಲ್ಯಾಬ್ ಕಾದಿದ್ದರೆ ಎಂಥ ಫ್ಯಾನೂ ಮೇಲಿನ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಛತ್ತು ಆದಮೇಲೇ ಫ್ಯಾನು.

ಪಶ್ಚಿಮದ ಕಿಟಕಿಗೆ ಒಳಗಿನ ಪರದೆ ಬಿಟ್ಟು ಹೊರಗೆ ಹಸಿರು ನೆಟ್ ಕಟ್ಟಿದೆ. ಗಾಜು ಕಾಯುವ ಮೊದಲೇ ಬಿಸಿಲನ್ನು ತಡೆಯಬೇಕು. ನೂರಿನ್ನೂರು ರೂಪಾಯಿಯ ಕೆಲಸ.

ಸೋಲಾರ್ ಬೇಡ ಅಂದೆ. ಪಿಎಂ ಸೂರ್ಯಘರ್ ಸಬ್ಸಿಡಿ 1 ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರಕ್ಕೆ 78,000. ಒಳ್ಳೆಯ ಯೋಜನೆಯೇ, ದೊಡ್ಡ ಬಿಲ್ಲು ಬರುವವರು ಖಂಡಿತ ಮಾಡಿಸಲಿ. ನನಗೆ ಬರುವ ಬಿಲ್ಲೇ ಸೊನ್ನೆ. ಸಬ್ಸಿಡಿ ಕಳೆದು ಉಳಿದದ್ದಕ್ಕೆ ಸಾಲ ಮಾಡಿ ಏನನ್ನು ಉಳಿಸಲಿ?

ಹೋದ ವರ್ಷ ನಮ್ಮ ಬಡಾವಣೆಯಲ್ಲಿ ಮನೆ ಅರ್ಜಿಗಳ ಬಗ್ಗೆ ಒಂದು ಸಭೆ ಆಯಿತು. ಯಾರಿಗೆ ಮನೆ ಇಲ್ಲ, ಯಾರದು ಪತ್ರಾಸು, ಯಾರ ಹೆಸರು ಪಟ್ಟಿಯಲ್ಲಿ ಇದೆ ಅಂತ ಎರಡು ತಾಸು ಮಾತು. ಅದು ಬೇಕು, ಇಲ್ಲ ಅನ್ನುವುದಿಲ್ಲ. ಆವಾಸ್ ಮನೆಗೆ ಅರ್ಜಿ ಹಾಕುವವರಿಗೆ ಎಲ್ಲೂ ಪಕ್ಕಾ ಮನೆ ಇರಬಾರದು. ಅಂದರೆ ಸ್ಲ್ಯಾಬ್ ಬಿದ್ದ ದಿನವೇ ನಾವು ಲೆಕ್ಕದಿಂದ ಹೊರಗೆ. ಒಳಗೆ ಬೇಯುತ್ತಿದ್ದೇವೋ ಬದುಕಿದ್ದೇವೋ ಕೇಳುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ. ನಾನು ಎದ್ದು ನಿಂತು, ಆಶ್ರಯ ಮನೆಗಳಿಗೆ ವರ್ಷಕ್ಕೊಂದು ಚೀಲ ಸುಣ್ಣ, ಒಂದು ದಿನದ ಕೂಲಿ ಕೊಡಿ, ಸಾಕು ಅಂದೆ. ಮುಂದಿನ ಸಾಲಿನಲ್ಲಿ ಕೂತವರು ತಿರುಗಿ ನೋಡಿ ನಕ್ಕರು. ಪಕ್ಕದ ತೆಲಂಗಾಣ 2023ರಲ್ಲೇ ಕೂಲ್ ರೂಫ್ ನೀತಿ ಅಂತ ತಂದಿದೆ, ತಾಂಡೂರಿನ ನನ್ನ ಗಿರಾಕಿಯೊಬ್ಬರು ಹೇಳಿದ್ದರು, ಅದನ್ನೂ ಹೇಳಿದೆ. “ಬರ್ದು ಕೊಡ್ರಿ” ಅಂದರು. ಬರೆದು ಕೊಟ್ಟಿದ್ದೇನೆ, ಮೇಲೆ ಬರೆದ ಖರ್ಚಿನ ಲೆಕ್ಕದ ಸಮೇತ.

ಅವ್ವ ಮೊನ್ನೆ ಮೇ ತಿಂಗಳಲ್ಲಿ ಬಂದು ನಾಲ್ಕು ದಿನ ಇದ್ದಳು. ಮಧ್ಯಾಹ್ನ ಮಷಿನ್ ಸದ್ದಿನಲ್ಲೇ ಒಂದು ತಾಸು ನಿದ್ದೆ ಮಾಡಿದಳು. ಎದ್ದು, “ಮೇಲ್ಮುದ್ದಿಗಿ ಸಮ ಬರಂಗಿಲ್ಲ ಬಿಡು” ಅಂದಳು. ತಮ್ಮ ಮಾತ್ರ ಡ್ರಮ್ಮಿನ ಅಳತೆ ಕೇಳಿಕೊಂಡು ಹೋಗಿದ್ದಾನೆ.

ಡ್ರಮ್ಮು ಸದ್ಯ ಪಕ್ಕದ ಮನೆಯಲ್ಲಿದೆ. ಪಿಒಪಿ ಹೊಡೆಸಿ ಅಂದಿದ್ದವರೇ ಈಗ ಸುಣ್ಣ ನೆನೆಹಾಕುತ್ತಿದ್ದಾರೆ. ನನಗಿರುವ ಚಿಂತೆ ಒಂದೇ. ಅವರ ಛತ್ತೂ ಬಿಳಿಯಾದರೆ ಬರುವ ಬೇಸಿಗೆಗೆ ಎರಡನೆಯ ಥರ್ಮಾಮೀಟರ್ ಎಲ್ಲಿ ನೇತುಹಾಕಲಿ?