ಹೊಸ ಸೇತುವೆ ಮತ್ತು ಬದಲಾದ ಕೂಡುರಸ್ತೆ: ದಿನನಿತ್ಯದ ಬಳಕೆಯಿಂದ ಒಂದು ವಿಮರ್ಶೆ

ಹೆದ್ದಾರಿಯ ಮೇಲಿದ್ದ ಹಳೆಯ ಸೇತುವೆಯನ್ನು ಕೆಡವಿ ಹೊಸದನ್ನು ಕಟ್ಟಿ, ಅದರ ಎರಡೂ ಬದಿಯಲ್ಲಿ ಹೆದ್ದಾರಿಗೆ ಹತ್ತಿ ಇಳಿಯುವ ಕೂಡುರಸ್ತೆಯನ್ನು ಮರುರೂಪಿಸಿದ ಈ ಕಾಮಗಾರಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಯಾರೂ ನೋಡದ ಅದರ ಅಡಿಭಾಗವನ್ನು. ಹಳೆಯ ಸೇತುವೆಯಲ್ಲಿ ಪ್ರತಿ ಕಂಬದ ಮೇಲೂ ಒಂದು ಜಾಯಿಂಟ್, ಅಂದರೆ ವಾಹನಗಳು ಓಡುವ ಹಾಸಿನ ಎರಡು ತುಂಡುಗಳ ನಡುವಿನ ಸಂದು, ಇತ್ತು. ಅದರ ರಬ್ಬರ್ ಪಟ್ಟಿ ಹರಿದ ಮೇಲೆ ಮಳೆನೀರು ಹಾಸನ್ನು ಹೊತ್ತ ತೊಲೆಗಳಾದ ಗರ್ಡರುಗಳ ತುದಿಗೂ, ಅವು ಕಂಬದ ಮೇಲೆ ಕೂರುವ ಆಧಾರಗಳಾದ ಬೇರಿಂಗುಗಳಿಗೂ ಇಳಿಯುತ್ತಿತ್ತು. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟಿನ ಹೊರಪದರ ಕಳಚಿಕೊಳ್ಳುತ್ತಿತ್ತು. ಹೊಸ ಸೇತುವೆಯ ಹಾಸು ಅಖಂಡವಾಗಿದ್ದು, ಜಾಯಿಂಟುಗಳು ಎರಡು ತುದಿಗಳಲ್ಲಿ ಮಾತ್ರ ಇವೆ. ಮುಂದೆ ಬೇರಿಂಗ್ ಬದಲಿಸಬೇಕಾದಾಗ ಜಾಕ್ ಇಟ್ಟು ಗರ್ಡರನ್ನು ಎತ್ತಲು ಕಂಬಗಳ ತಲೆಯ ಮೇಲೆ ಜಾಗ ಬಿಟ್ಟಿದ್ದಾರೆ.

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. 1967ರಲ್ಲಿ ಸಂಚಾರಕ್ಕೆ ತೆರೆದ ಇಟಲಿಯ ಜಿನೋವಾ ನಗರದ ಮೊರಾಂಡಿ ಸೇತುವೆಯಲ್ಲಿ ಭಾರ ಹೊತ್ತ ಉಕ್ಕಿನ ತಂತಿಗಳು ಕಾಂಕ್ರೀಟಿನೊಳಗೆ ಹುದುಗಿದ್ದರಿಂದ, ಅವು ಎಷ್ಟು ಸವೆದಿವೆ ಎಂದು ಹೊರಗಿನಿಂದ ಅರಿಯುವುದು ಕಷ್ಟವಾಗಿತ್ತು. 2018ರ ಆಗಸ್ಟ್ 14ರಂದು ಅದರ ಒಂದು ಭಾಗ ಕುಸಿದು 43 ಜನ ಸತ್ತರು. ಕಣ್ಣಿಗೆ ಕಾಣುವಂತೆ, ಕೈಗೆ ಎಟುಕುವಂತೆ ಕಟ್ಟಿದ ಸೇತುವೆಯನ್ನಷ್ಟೇ ಕಾಲಕಾಲಕ್ಕೆ ಸರಿಯಾಗಿ ಪರೀಕ್ಷಿಸಲು ಸಾಧ್ಯ.

ಇಲ್ಲಿ ಹೊಸ ಸೇತುವೆಯ ಒಂದು ಬದಿಯನ್ನು ಕಟ್ಟಿ ಮುಗಿಸಿ, ವಾಹನಗಳನ್ನು ಅದರ ಮೇಲೆ ಬಿಟ್ಟು, ಆಮೇಲೆ ಇನ್ನೊಂದು ಬದಿಯನ್ನು ಕೈಗೆತ್ತಿಕೊಂಡಿದ್ದರಿಂದ ಸಂಚಾರ ಪೂರ್ತಿ ನಿಲ್ಲಲಿಲ್ಲ.

ಕೂಡುರಸ್ತೆಗೆ ಆಯ್ದುಕೊಂಡಿರುವುದು ಡೈವರ್ಜಿಂಗ್ ಡೈಮಂಡ್ ಎಂಬ ವಿನ್ಯಾಸ. ಇದರಲ್ಲಿ ವಾಹನಗಳು ಮೊದಲ ಸಿಗ್ನಲ್ಲಿನಲ್ಲಿ ರಸ್ತೆಯ ಎದುರು ಬದಿಗೆ ದಾಟಿ, ಸೇತುವೆಯನ್ನು ಹಾದು, ಎರಡನೆಯ ಸಿಗ್ನಲ್ಲಿನಲ್ಲಿ ತಮ್ಮ ಬದಿಗೆ ಮರಳುತ್ತವೆ. ಹೀಗಾಗಿ ಹೆದ್ದಾರಿಗೆ ತಿರುಗುವವರು ಎದುರಿನ ವಾಹನಗಳ ಸಾಲನ್ನು ಕತ್ತರಿಸಿ ಹೋಗಬೇಕಾಗಿಲ್ಲ, ಆ ತಿರುವಿಗೆಂದೇ ಪ್ರತ್ಯೇಕ ಹಸಿರು ದೀಪವೂ ಬೇಕಾಗಿಲ್ಲ. ಹೀಗೆ ಬದಿ ಬದಲಿಸದ ಸಾಮಾನ್ಯ ಡೈಮಂಡ್ ಕೂಡುರಸ್ತೆಯಲ್ಲಿ ವಾಹನಗಳ ದಾರಿಗಳು ಪರಸ್ಪರ ಸಂಧಿಸುವ 26 ಬಿಂದುಗಳಿದ್ದರೆ ಇದರಲ್ಲಿ 14 ಮಾತ್ರ. ಅಮೆರಿಕದಲ್ಲಿ ಇದು ಮೊದಲು ಬಳಕೆಗೆ ಬಂದಿದ್ದು 2009ರಲ್ಲಿ, ಮಿಸೌರಿಯ ಸ್ಪ್ರಿಂಗ್‌ಫೀಲ್ಡಿನಲ್ಲಿ. ಎದುರು ಬದಿಯಲ್ಲಿ ಓಡಿಸುವುದು ಗೊಂದಲವೆನ್ನಿಸೀತೆಂಬ ಆತಂಕ ಸಹಜವೇ ಆದರೂ, ಇಲ್ಲಿ ಪಥದ ಗೆರೆಗಳೂ ತಡೆಗೋಡೆಗಳೂ ಎಷ್ಟು ಸ್ಪಷ್ಟವಾಗಿವೆಯೆಂದರೆ ಚಾಲಕರು ತಡವರಿಸುವುದು ಕಾಣುವುದಿಲ್ಲ. ಹಿಂದೆ ಸೇತುವೆ ದಾಟಿ ಬೆಳೆಯುತ್ತಿದ್ದ ಸಂಜೆಯ ಸಾಲು ಈಗ ಸಿಗ್ನಲ್ಲಿನ ಬಳಿಯೇ ಕರಗುತ್ತದೆ.

ಕಾಲ್ನಡಿಗೆಯವರ ಮಟ್ಟಿಗೆ ಮಾತ್ರ ಈ ಕೆಲಸ ಅರ್ಧಕ್ಕೇ ನಿಂತಿದೆ. ಸೇತುವೆಯ ನಡುವೆ ಎರಡು ಗೋಡೆಗಳ ಮಧ್ಯದ ಕಾಲುದಾರಿ ಅಗಲವಾಗಿದೆ, ಸುರಕ್ಷಿತವಾಗಿಯೂ ಇದೆ. ಆದರೆ ಅದನ್ನು ತಲುಪಲು, ವಾಹನಗಳು ನಿಲ್ಲದೆ ತಿರುಗುವ ಪಥವೊಂದನ್ನು ಸಿಗ್ನಲ್ಲಿನ ನೆರವಿಲ್ಲದೆ ದಾಟಬೇಕು. ವಯಸ್ಸಾದವರೂ ಶಾಲೆಯ ಮಕ್ಕಳೂ ಅಲ್ಲಿ ಬಿಡುವಿಗಾಗಿ ಕಾದು ನಿಲ್ಲುವುದು ನೋವಿನ ಸಂಗತಿ. ಆ ಪಥದಲ್ಲಿ ಎತ್ತರಿಸಿದ ದಾಟುಪಟ್ಟಿಯನ್ನೂ ಗುಂಡಿ ಒತ್ತಿದರೆ ವಾಹನಗಳನ್ನು ನಿಲ್ಲಿಸುವ ದೀಪವನ್ನೂ ಅಳವಡಿಸಲು ಸೇತುವೆಯನ್ನು ಮುಟ್ಟಬೇಕಾಗಿಲ್ಲ. ಗುತ್ತಿಗೆದಾರರ ಯಂತ್ರಗಳು ಇನ್ನೂ ಸ್ಥಳದಲ್ಲಿರುವಾಗಲೇ ಅದನ್ನು ಮಾಡಿಸಬೇಕು.