ನಕಲಿ ಎಕ್ಸ್‌ಪೀರಿಯನ್ಸ್ ಲೆಟರ್ ನನ್ನ ತಮ್ಮನ ಅಸಲಿ ಅನುಭವವನ್ನೂ ನುಂಗಿತು

ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಡಿಪ್ಲೊಮಾ, ಬಿಎಸ್ಸಿ, ಬಿಸಿಎ ಮುಗಿಸಿ ಐಟಿ ಕೆಲಸ ಹುಡುಕುತ್ತಿರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಮನೆಯವರಿಗೂ ಓದಿಸಿ. ಕೋರ್ಸ್ ಜೊತೆಗೆ "ಎಕ್ಸ್‌ಪೀರಿಯನ್ಸ್ ಸೈತ ನಾವ ಹಾಕಿ ಕೊಡ್ತೀವ್ರಿ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನನ್ನ ತಮ್ಮ ಎದ್ದು ಬರಲಿಲ್ಲ. ಸಿಕ್ಕಿದ್ದ ಬೆಂಗಳೂರಿನ ಕೆಲಸ ಹೋಯಿತು. ಸಾಲದ ಕಂತು ಮಾತ್ರ ಇನ್ನೂ ಕಟ್ಟುತ್ತಿದ್ದೇವೆ.

ತಮ್ಮ ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಆಮೇಲೆ ಕೊಪ್ಪಿಕರ್ ರಸ್ತೆ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಾಲ್ಕು ವರ್ಷ ದುಡಿದ. ಅಂಗಡಿ ಅಂದ ಕೂಡಲೇ ಮೌಸ್, ಕೀಬೋರ್ಡ್ ಮಾರುವ ಕೆಲಸ ಅಂದುಕೊಳ್ಳಬೇಡಿ. ಆಸ್ಪತ್ರೆ, ಶಾಲೆ, ಸೊಸೈಟಿಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಅಂಗಡಿ ಅದು. ಕೇಬಲ್ ಎಳೆಯುವುದರಿಂದ ಶುರು ಮಾಡಿದವನು ಸ್ವಿಚ್, ರೂಟರ್, ಫೈರ್‌ವಾಲ್ ಕಾನ್ಫಿಗರ್ ಮಾಡುವ ಮಟ್ಟಕ್ಕೆ ಬಂದ. ಒಂದು ಆಸ್ಪತ್ರೆಯಲ್ಲಿ ಬಿಲ್ಲಿಂಗ್ ಕಂಪ್ಯೂಟರ್‌ಗಳೂ ರೋಗಿಗಳ ಕಡೆಯವರು ಬಳಸುವ ವೈಫೈಯೂ ಒಂದೇ ನೆಟ್‌ವರ್ಕ್‌ನಲ್ಲಿದ್ದವು. ವಿಲ್ಯಾನ್ ಹಾಕಿ, ಅಂದರೆ ಒಂದು ನೆಟ್‌ವರ್ಕನ್ನು ಒಳಗೇ ಪ್ರತ್ಯೇಕ ಭಾಗ ಮಾಡಿ, ಅವನ್ನು ಬೇರೆ ಮಾಡಿದ್ದು ಇವನೇ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಟ್ಯಾಲಿ ಡೇಟಾ ಸೀಸನ್ ನಡುವೆಯೇ ರಾನ್ಸಮ್‌ವೇರ್‌ಗೆ, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್‌ಗೆ, ಸಿಕ್ಕಿತ್ತು. ಹಳೆಯ ಬ್ಯಾಕಪ್ ಹುಡುಕಿ, ರಾತ್ರಿಯಿಡೀ ಕೂತು ಲೆಕ್ಕ ವಾಪಸ್ ತಂದಿದ್ದೂ ಇವನೇ. ಇದು ಅನುಭವ ಅಲ್ವಾ?

ಆದರೆ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಸಂಬಳ ನಗದಿನಲ್ಲಿ ಬರುತ್ತಿತ್ತು. ನೇಮಕಾತಿ ಪತ್ರ ಇಲ್ಲ, ಪಿಎಫ್ ಇಲ್ಲ. ನಮ್ಮ ಕಡೆ ಸಣ್ಣ ಅಂಗಡಿಗಳಲ್ಲಿ ಸಾವಿರಾರು ಹುಡುಗರು ಹೀಗೇ ದುಡಿಯುತ್ತಾರೆ. ಈ ಕೊರತೆಯ ಮೇಲೆಯೇ ಇಂಥ ಇನ್‌ಸ್ಟಿಟ್ಯೂಟ್‌ಗಳು ಬದುಕುತ್ತಿವೆ.

ತಮ್ಮ ಹೋಗಿದ್ದ ಇನ್‌ಸ್ಟಿಟ್ಯೂಟ್‌ನ ಕೌನ್ಸೆಲರ್ ಮೊದಲ ದಿನವೇ ಅವನ ರೆಸ್ಯುಮೆ ನೋಡಿ ಹೇಳಿದ್ದು ಇಷ್ಟು. "ಅಂಗಡಿ ಕೆಲಸ ಎಕ್ಸ್‌ಪೀರಿಯನ್ಸ್ ಅಲ್ಲ ತಮ್ಮಾ. ಎಚ್‌ಆರ್ ಅದನ್ನ ಓದೂದೂ ಇಲ್ಲ. ಡಿಗ್ರಿನೂ ಇಲ್ಲ ನಿನ್ನ ಕಡೆ. ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್ ಒಂದ ದಾರಿ." ಫೀಸು 65 ಸಾವಿರ. ಅಷ್ಟು ದುಡ್ಡು ಇಲ್ಲ ಅಂದಿದ್ದಕ್ಕೆ ಅಲ್ಲೇ ಮೊಬೈಲ್‌ನಲ್ಲಿ ಆಧಾರ್, ಪ್ಯಾನ್ ಹಾಕಿಸಿ, ಒಟಿಪಿ ತಗೊಂಡು "ಬಡ್ಡಿ ಇಲ್ಲದ ಇಎಂಐ" ಮಾಡಿಕೊಟ್ಟರು. ಅದು ಇನ್‌ಸ್ಟಿಟ್ಯೂಟ್ ಕೊಟ್ಟ ಕಂತಿನ ಸೌಲಭ್ಯ ಆಗಿರಲಿಲ್ಲ. ಬೇರೆ ಹಣಕಾಸು ಕಂಪನಿಯೊಂದು ಅವನ ಹೆಸರಿನಲ್ಲಿ ಕೊಟ್ಟ ಸಾಲ. ದುಡ್ಡು ನೇರ ಇನ್‌ಸ್ಟಿಟ್ಯೂಟ್‌ಗೆ ಹೋಗುತ್ತದೆ. ಕ್ಲಾಸು ನಡೆಯಲಿ ಬಿಡಲಿ, ತೀರಿಸಬೇಕಾದವನು ಹುಡುಗ. ಕಂತು ತಪ್ಪಿದರೆ ಕೆಡುವುದು ಅವನ ಸಿಬಿಲ್ ಸ್ಕೋರ್.

ಕೊನೆಗೆ ಕೊಟ್ಟ ಸರ್ಟಿಫಿಕೇಟ್ ನಾನೂ ನೋಡಿದೆ. ದಪ್ಪ ಕಾಗದ, ಹೊಳೆಯುವ ಹೊಲೊಗ್ರಾಮ್, "ನೆಟ್‌ವರ್ಕ್ ಅಂಡ್ ಕ್ಲೌಡ್ ಎಕ್ಸ್‌ಪರ್ಟ್" ಅಂತ ದೊಡ್ಡ ಅಕ್ಷರ. ಸಹಿ ಮಾತ್ರ ಇನ್‌ಸ್ಟಿಟ್ಯೂಟ್ ಮಾಲೀಕರದ್ದೇ. ಅಂದರೆ ಅದು ಕೋರ್ಸ್ ಮುಗಿಸಿದ ಪತ್ರ, ಅಷ್ಟೇ. ನೆಟ್‌ವರ್ಕ್ ಕೆಲಸಕ್ಕೆ ಅಸಲಿ ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್ ಅಂದರೆ ಸಿಸಿಎನ್‌ಎ. ಅದನ್ನು ಕೊಡುವುದು ರೂಟರ್, ಸ್ವಿಚ್ ಮಾಡುವ ಸಿಸ್ಕೊ ಕಂಪನಿ. ಪರೀಕ್ಷೆ ನಡೆಯುವುದು ಪಿಯರ್ಸನ್ ವ್ಯೂ ಅನ್ನುವ ಪರೀಕ್ಷಾ ಸಂಸ್ಥೆ ಮೂಲಕ, ಶುಲ್ಕ 300 ಡಾಲರ್, ಮೇಲೆ ತೆರಿಗೆ. ಪಾಸಾದರೆ ಮೂರು ವರ್ಷ ಮಾನ್ಯ. ಸಿಸ್ಕೊ ಸೈಟಿನಲ್ಲಿ ಅದು ಅಸಲಿಯೋ ಅಂತ ಯಾರು ಬೇಕಾದರೂ ಪರಿಶೀಲಿಸಬಹುದು. ಅದನ್ನು ಬರೆಯಲು ಯಾವ ಇನ್‌ಸ್ಟಿಟ್ಯೂಟ್‌ನಲ್ಲೂ ಕೂರಲೇಬೇಕು ಅಂತಿಲ್ಲ. ಸ್ವಂತ ಓದಿ ಬರೆಯಬಹುದು. ಅಭ್ಯಾಸಕ್ಕೆ, ಕಂಪ್ಯೂಟರ್ ಪರದೆಯಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ತಮ್ಮ ಈ ಪರೀಕ್ಷೆ ಬಗ್ಗೆ ಕೇಳಿದಾಗ "ಅದರ ಫೀಸು ಬ್ಯಾರೆ, ಡಂಪ್ಸ್ ಕೊಡ್ತೀವಿ, ಬಾಯಿಪಾಠ ಮಾಡು" ಅಂದರಂತೆ. ಡಂಪ್ಸ್ ಅಂದರೆ ಪರೀಕ್ಷೆಯಿಂದ ಕದ್ದ ಪ್ರಶ್ನೆಗಳು. ಅವನ್ನು ಓದಿ ಬರೆದಿದ್ದು ಗೊತ್ತಾದರೆ ಸಿಸ್ಕೊ ಸರ್ಟಿಫಿಕೇಟ್ ರದ್ದು ಮಾಡಬಹುದು, ಮುಂದೆ ಪರೀಕ್ಷೆಗೆ ಕೂರದಂತೆಯೂ ಮಾಡಬಹುದು. ಅದನ್ನು ಅವರು ಹೇಳಲಿಲ್ಲ.

ಇಷ್ಟರಲ್ಲೇ ನಿಂತಿದ್ದರೆ ದುಡ್ಡು ಹೋಯಿತು ಅಂತ ಸುಮ್ನಾಗುತ್ತಿದ್ದೆವು. ಮುಂದೆ ನಡೆದದ್ದು ಇನ್ನೂ ಕೆಟ್ಟದ್ದು.

"ಪ್ಲೇಸ್‌ಮೆಂಟ್ ಪ್ಯಾಕೇಜ್" ಅಂತ ಇನ್ನೂ 25 ಸಾವಿರ ತಗೊಂಡು ಹೊಸ ರೆಸ್ಯುಮೆ ಮಾಡಿಕೊಟ್ಟರು. ಅದರಲ್ಲಿ ಅಂಗಡಿಯ ನಾಲ್ಕು ವರ್ಷ ಇರಲೇ ಇಲ್ಲ. ಆ ಜಾಗದಲ್ಲಿ ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ಮೂರು ವರ್ಷ ಅಂತ ಬರೆದಿದ್ದರು. ಆಫರ್ ಲೆಟರ್, ಸಂಬಳದ ಸ್ಲಿಪ್, ರಿಲೀವಿಂಗ್ ಲೆಟರ್ ಎಲ್ಲ ರೆಡಿ. ತಮ್ಮ ಹೆದರಿದ್ದ. "ಎಲ್ಲಾರೂ ಹಿಂಗ ಮಾಡ್ತಾರ, ಯಾರೂ ಚೆಕ್ ಮಾಡೂದಿಲ್ಲ" ಅಂತ ಒಪ್ಪಿಸಿದರು. ಅವನು ಒಪ್ಪಬಾರದಿತ್ತು, ಅದನ್ನು ಅವನಿಗೂ ಹೇಳಿದ್ದೇನೆ. ಆದರೆ ಕೆಲಸವಿಲ್ಲದೆ ಮನೆಯಲ್ಲಿ ಕೂತ ಹುಡುಗನ ಮುಂದೆ ಸುಳ್ಳು ಕಾಗದ ಇಟ್ಟು ದುಡ್ಡು ಎಣಿಸಿಕೊಂಡವರ ತಪ್ಪು ಅದಕ್ಕಿಂತ ಎಷ್ಟೋ ದೊಡ್ಡದು.

ಒಂದು ಕಂಪನಿಯಿಂದ ಕರೆ ಬಂತು. ಟೆಕ್ನಿಕಲ್ ಸುತ್ತಿನಲ್ಲಿ ಕೇಳಿದ್ದು ವಿಲ್ಯಾನ್ ಬಗ್ಗೆ, ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ವ್ಯವಸ್ಥೆ) ಐಪಿ ಕೊಡದಿದ್ದರೆ ದೋಷವನ್ನು ಎಲ್ಲಿಂದ ಹುಡುಕುತ್ತೀರಿ ಅನ್ನುವ ಬಗ್ಗೆ, ಬ್ಯಾಕಪ್ ಹೇಗಿಡುತ್ತೀರಿ ಅನ್ನುವ ಬಗ್ಗೆ. ತಮ್ಮ ಎಲ್ಲದಕ್ಕೂ ಉತ್ತರ ಕೊಟ್ಟ. ಉತ್ತರ ಬಂದಿದ್ದು ಆಸ್ಪತ್ರೆಯ ಕೆಲಸದಿಂದ, ಬ್ಯಾಡಗಿಯ ಆ ರಾತ್ರಿಯಿಂದ. ಇನ್‌ಸ್ಟಿಟ್ಯೂಟ್‌ನ ಕ್ಲಾಸಿನಿಂದ ಒಂದೂ ಬರಲಿಲ್ಲ. ಆಯ್ಕೆಯಾಯಿತು. ಅವ್ವ ಓಣಿಗೆಲ್ಲ ಪೇಡೆ ಹಂಚಿದಳು.

ಆಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ಮೊದಲು ಕೇಳಿದ್ದೇ ಪಿಎಫ್‌ನ ಯುಎಎನ್ ನಂಬರ್ ಮತ್ತು ಸರ್ವಿಸ್ ಹಿಸ್ಟರಿ. ನಕಲಿ ಸಂಬಳದ ಸ್ಲಿಪ್‌ನಲ್ಲಿ ತಿಂಗಳಿಗೆ 1,800 ರೂಪಾಯಿ ಪಿಎಫ್ ಕಡಿತ ಅಂತ ಅವರೇ ಮುದ್ರಿಸಿದ್ದರು. 15,000 ರೂಪಾಯಿ ಸಂಬಳಕ್ಕೆ ಶೇ 12ರ ಲೆಕ್ಕ ಅದು, ನೋಡುವವರಿಗೆ ನಿಜ ಅನಿಸಲಿ ಅಂತ. ಆದರೆ ಪಿಎಫ್ ಕಡಿತವಾಗಿದ್ದರೆ, ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒ ದಾಖಲೆಯಲ್ಲಿ ಆ ಕಂಪನಿಯ ಹೆಸರು, ಸೇರಿದ ದಿನ, ಬಿಟ್ಟ ದಿನ ಇರಲೇಬೇಕು. ಇವನದು ಖಾಲಿ. ಅಲ್ಲಿಗೆ ಮುಗಿಯಿತು. ಆಫರ್ ವಾಪಸ್ ತಗೊಂಡರು. ಇನ್ನು ಮುಂದೆ ನಮ್ಮ ಕಂಪನಿಗೆ ಅರ್ಜಿ ಹಾಕಬೇಡಿ ಅಂತಲೂ ಮೇಲ್ ಕಳಿಸಿದರು.

ಯಾರೂ ಚೆಕ್ ಮಾಡಲ್ಲ ಅನ್ನುವುದು ಶುದ್ಧ ಸುಳ್ಳು. ಐಟಿ ನೌಕರರ ಹಿನ್ನೆಲೆ ದಾಖಲಿಸಲು ಐಟಿ ಕಂಪನಿಗಳ ಒಕ್ಕೂಟ ನಾಸ್‌ಕಾಮ್ 2006ರಲ್ಲೇ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ಶುರು ಮಾಡಿದೆ. 2022ರ ನವೆಂಬರ್‌ನಲ್ಲಿ ದೊಡ್ಡ ಐಟಿ ಕಂಪನಿ ಆಕ್ಸೆಂಚರ್, ನಕಲಿ ದಾಖಲೆ ಮತ್ತು ಎಕ್ಸ್‌ಪೀರಿಯನ್ಸ್ ಲೆಟರ್ ಕೊಟ್ಟು ಸೇರಿದ್ದ ಭಾರತದ ನೌಕರರನ್ನು ತೆಗೆದುಹಾಕಿದ್ದೇವೆ ಅಂತ ಬಹಿರಂಗವಾಗಿ ಹೇಳಿತು. ಸೇರಿದ ಮೇಲೂ ಸಿಕ್ಕಿಬೀಳುತ್ತಾರೆ ಅಂತ ಅರ್ಥ. ನಕಲಿ ದಾಖಲೆಯನ್ನು ಅಸಲಿ ಅಂತ ಬಳಸುವುದು ಅಪರಾಧವೂ ಹೌದು. ಕೇಸಾದರೆ ಹೆಸರು ಬರುವುದು ಕಾಗದ ಕೊಟ್ಟ ಹುಡುಗನದ್ದು.

ಹಾಗಾದರೆ ಡಿಗ್ರಿ ದೊಡ್ಡದೋ, ಸರ್ಟಿಫಿಕೇಟೋ, ಅನುಭವವೋ? ಇದೆಲ್ಲ ಆದ ಮೇಲೆ ಐಟಿಯಲ್ಲಿರುವ ಪರಿಚಯದವರನ್ನೆಲ್ಲ ಕೇಳಿದೆ. ದೊಡ್ಡ ಕಂಪನಿಗಳ ಫ್ರೆಶರ್ ನೇಮಕಾತಿಯಲ್ಲಿ ಡಿಗ್ರಿ ಬಾಗಿಲಲ್ಲೇ ಕೇಳುತ್ತಾರೆ. ಬಿಇ, ಎಂಸಿಎ, ಎಷ್ಟೋ ಕಡೆ ಶೇ 60 ಅಂಕ. ಅಲ್ಲಿ ಡಿಪ್ಲೊಮಾ ಹುಡುಗನಿಗೆ ಸಿಸಿಎನ್‌ಎ ಇದ್ದರೂ ದಾರಿ ಕಡಿಮೆ. ಆದರೆ ನೆಟ್‌ವರ್ಕ್ ಸಪೋರ್ಟ್, ಸಿಸ್ಟಮ್ ಅಡ್ಮಿನ್ ಕೆಲಸಗಳಲ್ಲಿ, ಅದರಲ್ಲೂ ಮಧ್ಯಮ ಕಂಪನಿಗಳಲ್ಲಿ, ಮಾತು ಬೇರೆ. ಅಲ್ಲಿ ಅಸಲಿ ಸರ್ಟಿಫಿಕೇಟ್ ಇಂಟರ್‌ವ್ಯೂವರೆಗೆ ಕರೆದೊಯ್ಯುತ್ತದೆ, ಒಳಗೆ ಗೆಲ್ಲಿಸುವುದು ಮಾಡಿದ ಕೆಲಸ. ಸರ್ಟಿಫಿಕೇಟ್‌ಗಳೂ ಎಲ್ಲ ಒಂದೇ ಅಲ್ಲ. ಲಿನಕ್ಸ್ ಕಂಪನಿ ರೆಡ್‌ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ಸಿಸ್ಟಮ್ ಮುಂದೆ ಕೂತು ಕೆಲಸ ಮಾಡಿಯೇ ತೋರಿಸಬೇಕು. ಅದಕ್ಕೆ ಮನ್ನಣೆ ಜಾಸ್ತಿ.

ತಮ್ಮನಿಗೆ ಬೇಕಿದ್ದದ್ದು ಮಾಡಿದ ಕೆಲಸಕ್ಕೆ ಒಂದು ಕಾಗದ ಮಾತ್ರ. ನಾನು ಅಂಗಡಿ ಮಾಲೀಕರ ಹತ್ತಿರ ಹೋಗಿ ಕೇಳಿದೆ. "ಮೊದಲ ಕೇಳಿದ್ರ ಅವತ್ತ ಬರದ ಕೊಡ್ತಿದ್ದೆ ತಂಗಿ" ಅಂದರು. ಲೆಟರ್‌ಹೆಡ್ ಮೇಲೆ ಸೇರಿದ ತಿಂಗಳು, ಬಿಟ್ಟ ತಿಂಗಳು, ಮಾಡಿದ ಕೆಲಸ ಬರೆದು, ಅಂಗಡಿಯ ಜಿಎಸ್‌ಟಿ ನಂಬರ್, ತಮ್ಮದೇ ಫೋನ್ ನಂಬರ್ ಹಾಕಿ ಕೊಟ್ಟರು. ವೆರಿಫಿಕೇಶನ್‌ನವರು ಫೋನ್ ಮಾಡಿದರೆ ಮಾತಾಡುತ್ತೇನೆ ಅಂದರು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಈಗ ತಮ್ಮ ಅದನ್ನೇ ಇಟ್ಟುಕೊಂಡು ಅರ್ಜಿ ಹಾಕುತ್ತಿದ್ದಾನೆ, ಸಿಸಿಎನ್‌ಎಗೆ ಸ್ವಂತ ಓದುತ್ತಿದ್ದಾನೆ.

ಸಣ್ಣ ಅಂಗಡಿಯಲ್ಲಿ ಕೆಲಸ ಮಾಡುತ್ತಿರುವವರು ಸಂಬಳವನ್ನು ಇವತ್ತಿನಿಂದಲೇ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ. ನೇಮಕಾತಿ ಪತ್ರ ಕೇಳಲು ಸಂಕೋಚ ಬೇಡ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲೇ ಅದನ್ನು ಕೊಡಬೇಕು ಅಂತಿದೆ. 20ಕ್ಕಿಂತ ಕಡಿಮೆ ಜನರಿರುವ ಅಂಗಡಿಗೆ ಪಿಎಫ್ ಕಡ್ಡಾಯವಿಲ್ಲ. ಹಾಗಾಗಿ ಈ ಪತ್ರ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟೇ ನಿಮ್ಮ ಸಾಕ್ಷಿ.

ಈಗಾಗಲೇ ಇಂಥ ಕಡೆ ಮೊಬೈಲ್ ಆ್ಯಪ್ ಮೂಲಕ ಸಾಲಕ್ಕೆ ಒಪ್ಪಿದ್ದರೆ ತಡಮಾಡದೆ ಸಾಲದ ಪತ್ರ ತೆಗೆದು ನೋಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಡಿಜಿಟಲ್ ಸಾಲಕ್ಕೆ ಕೂಲಿಂಗ್ ಆಫ್ ಅವಧಿ ಇರಬೇಕು. ಅದು ತುಂಬಾ ಚಿಕ್ಕದು, ಆದರೆ ಅಷ್ಟರೊಳಗೆ ದಂಡವಿಲ್ಲದೆ ಸಾಲದಿಂದ ಹೊರಗೆ ಬರಬಹುದು. ನಮಗೆ ಅದು ತಿಳಿಯುವಷ್ಟರಲ್ಲಿ ದಿನ ಮೀರಿತ್ತು.

ಇನ್‌ಸ್ಟಿಟ್ಯೂಟ್‌ನವರು ಈಗ "ನಾವು ಟ್ರೇನಿಂಗ್ ಅಷ್ಟ ಕೊಡೂದು, ಕೆಲಸದ ಗ್ಯಾರಂಟಿ ಕೊಟ್ಟಿಲ್ಲ" ಅನ್ನುತ್ತಿದ್ದಾರೆ. ಅವರ ಪಾಂಪ್ಲೆಟ್‌ನಲ್ಲಿ 100% ಪ್ಲೇಸ್‌ಮೆಂಟ್ ಅಂತ ಇದೆ. ಅದನ್ನು, ರಸೀದಿಗಳನ್ನು, ವಾಟ್ಸ್ಆ್ಯಪ್ ಮಾತುಕತೆಯನ್ನು ಜೋಡಿಸಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಸಿದ್ಧವಾಗುತ್ತಿದ್ದೇವೆ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಆನ್‌ಲೈನ್‌ನಲ್ಲೂ ದೂರು ಹಾಕಬಹುದು. ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ದೂರು ಕೊಡಲು ತೊಂದರೆಯಾದ ದಿನದಿಂದ ಎರಡು ವರ್ಷ ಕಾಲಾವಕಾಶ ಇದೆ. ಇಂಥ ಕಡೆ ದುಡ್ಡು ಕಟ್ಟಿ ನಾಚಿಕೆಗೆ ಸುಮ್ಮನೆ ಕೂತವರು ಇದ್ದರೆ ಆ ಅವಧಿ ಮುಗಿಯುವ ಮೊದಲು ಕಾಗದ ಹುಡುಕಿ ಇಟ್ಟುಕೊಳ್ಳಿ.