ಸ್ಟ್ರೀಟ್ ಗ್ಲೈಡ್‌ಗೆ ಹೊಸ ಸ್ಪೀಕರ್, ಹೊಸ ಆಂಪ್: ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾಡಿಸಿದ ಕೆಲಸ

ಮೊದಲೇ ಹೇಳಿಬಿಡುತ್ತೇನೆ. ನೂರು ಕಿಲೋಮೀಟರ್ ವೇಗದಲ್ಲಿ, ಫುಲ್ ಫೇಸ್ ಹೆಲ್ಮೆಟ್ ಹಾಕಿಕೊಂಡು, ಕಾರಿನಲ್ಲಿ ಕೂತಷ್ಟು ಆರಾಮಾಗಿ ಹಾಡು ಕೇಳಬೇಕು ಅಂತಿದ್ದರೆ ಬೈಕಿನ ಸ್ಪೀಕರ್, ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಬದಲಾಯಿಸಲು ದುಡ್ಡು ಹಾಕಬೇಡಿ. ಹೆಲ್ಮೆಟ್ ಒಳಗೆ ಕೂರುವ ಬ್ಲೂಟೂತ್ ಸೆಟ್ ತಗೊಳ್ಳಿ, ತುಂಬಾ ಕಡಿಮೆಯಲ್ಲಿ ಮುಗಿಯುತ್ತದೆ. ನನಗೆ ಬೇಕಿದ್ದದ್ದು ಬೇರೆ. ತುಮಕೂರು ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವಾಗ ಭಾವಗೀತೆಯ ಸಾಹಿತ್ಯ ನನಗೂ ಹಿಂದೆ ಕೂತ ಹೆಂಡತಿಗೂ ಬಿಡಿಬಿಡಿಯಾಗಿ ಕೇಳಿಸಬೇಕು. ಅವಳಿಗೆ ಕಿವಿಯೊಳಗೆ ಏನಾದರೂ ಇಟ್ಟುಕೊಳ್ಳುವುದೆಂದರೆ ಆಗಿಬರುವುದಿಲ್ಲ.

ಗಾಡಿ 2016ರ ಹಾರ್ಲೆ ಸ್ಟ್ರೀಟ್ ಗ್ಲೈಡ್ ಸ್ಪೆಷಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕಂಪನಿಯಿಂದ ಬಂದಿರುವುದು ಫೇರಿಂಗಿನಲ್ಲಿ (ಮುಂದೆ ಗಾಳಿ ತಡೆಯುವ ಕವಚದಲ್ಲಿ) ಎರಡು 5.25 ಇಂಚಿನ ಸ್ಪೀಕರ್, ಒಂದೊಂದು ಚಾನೆಲ್‌ಗೆ 25 ವ್ಯಾಟ್. ಮೈಸೂರು ಬ್ಯಾಂಕ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಾಗ ಅದೇ ಜಾಸ್ತಿ. ಆದರೆ ಹೆದ್ದಾರಿ ವೇಗದಲ್ಲಿ ಹೆಲ್ಮೆಟ್ ಒಳಗಿನ ಗಾಳಿ ಸದ್ದೇ 90 ಡೆಸಿಬೆಲ್ ದಾಟುತ್ತದೆ. ಅದರ ಮುಂದೆ ಹಾಡು ಗೆಲ್ಲಬೇಕಲ್ವಾ?

ಜೆ.ಸಿ. ರಸ್ತೆಯ ಮುಂದಿನ ಸಾಲಿನ ಅಂಗಡಿಗಳಲ್ಲಿ ಒಂದೇ ಪಾಠ: 'ಸಾವಿರ ವ್ಯಾಟ್ ಸಾರ್!' ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇರುವುದು ಒಂದು ಕ್ಷಣ ತಡೆದುಕೊಳ್ಳುವ ಪೀಕ್ ಲೆಕ್ಕ. ನೋಡಬೇಕಾದದ್ದು ಮೂಲೆಯಲ್ಲಿ ಸಣ್ಣಕ್ಷರದ ಆರ್‌ಎಂಎಸ್, ಅಂದರೆ ಬಿಡದೆ ತಡೆದುಕೊಳ್ಳುವ ವ್ಯಾಟ್. ಮಿನರ್ವ ಸರ್ಕಲ್ ಕಡೆಯ ಒಂದು ಗಲ್ಲಿಯಲ್ಲಿ ಮಾತ್ರ ಫಿಟ್ಟರ್ ಸಾಹೇಬರು ಬೇರೆ ಪ್ರಶ್ನೆ ಕೇಳಿದರು. 'ಯಾವ ಸ್ಪೀಡಲ್ಲಿ ಕೇಳ್ತೀರಾ ಸಾರ್? ಯಾವ ಥರ ಹಾಡು?' ಅಷ್ಟಕ್ಕೇ ನಾನು ಅಲ್ಲಿ ಕೂತುಬಿಟ್ಟೆ.

ಅವರ ಲೆಕ್ಕ ಸರಳ. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ 'ಎರಡರಷ್ಟು ಜೋರಾಯಿತು' ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು. ಅಂದರೆ 25 ವ್ಯಾಟನ್ನು 100 ಮಾಡಿದರೂ ಸಿಗುವುದು ಆರೇ. ಅದೇ 89 ಡೆಸಿಬೆಲ್ ಸೆನ್ಸಿಟಿವಿಟಿಯ (ಅಷ್ಟೇ ವ್ಯಾಟಿಗೆ ಎಷ್ಟು ಸದ್ದು ಕೊಡುತ್ತದೆ ಅನ್ನುವ ಲೆಕ್ಕ) ಸ್ಪೀಕರ್ ಬದಲು 92ರದ್ದು ಹಾಕಿದರೆ ಆಂಪ್ ಮುಟ್ಟದೆಯೇ ಮೂರು ಡೆಸಿಬೆಲ್ ಬಂತು. ಹಾಗಾಗಿ ತಗೊಂಡದ್ದು ಜಾಸ್ತಿ ಸೆನ್ಸಿಟಿವಿಟಿಯ, ನೀರು ತಡೆಯುವ 6.5 ಇಂಚಿನ ಕೋಎಕ್ಸಿಯಲ್ (ದೊಡ್ಡ ಕೋನಿನ ನಡುವೆಯೇ ಚಿಕ್ಕ ಟ್ವೀಟರ್ ಇರುವ) ಜೋಡಿ, ಜೊತೆಗೆ ಡಿಎಸ್‌ಪಿ (ಸದ್ದನ್ನು ಬೇಕಾದಂತೆ ತಿದ್ದುವ ಚಿಪ್) ಒಳಗೇ ಇರುವ, ಕಡಿಮೆ ಬಿಸಿಯಾಗುವ ಚಿಕ್ಕ ಕ್ಲಾಸ್ ಡಿ ಆಂಪ್. ಹಿಂದಿನ ಪೆಟ್ಟಿಗೆಗಳ ಮುಚ್ಚಳದಲ್ಲೂ ಸ್ಪೀಕರ್ ಕೂರಿಸೋಣ ಅಂದೆ. 'ಬೇಡ ಸಾರ್, ಸುಮ್ನೆ ಮುಚ್ಚಳ ಕೊರೆಯೋದು' ಅಂದುಬಿಟ್ಟರು. ಬಂದ ವ್ಯಾಪಾರವನ್ನು ಬೇಡ ಅನ್ನುವವರು ಆ ರಸ್ತೆಯಲ್ಲಿ ಎಷ್ಟು ಜನ ಇದ್ದಾರೋ!

ಫೇರಿಂಗ್ ಬಿಚ್ಚಿದಾಗ ಒಳಗೆ ಒಂದು ತಮಾಷೆ ಕಾದಿತ್ತು. ಗಾಡಿಯ ಹಳೇ ಮಾಲೀಕರು ಎಂದೋ ಆಂಪ್ ಹಾಕಿಸಿ ತೆಗೆದಿದ್ದರು. ಬ್ಯಾಟರಿಯಿಂದ ಬಂದ ದಪ್ಪ ವೈರು ಹಾಗೇ ಇತ್ತು, ಫ್ಯೂಸೇ ಇಲ್ಲ, ತುದಿಗೆ ಬರೀ ಟೇಪ್ ಸುತ್ತಿದ್ದರು. ಆ ವೈರು ಎಲ್ಲಾದರೂ ಉಜ್ಜಿ ಫ್ರೇಮಿಗೆ ತಾಗಿದ್ದರೆ ಬೆಂಕಿಯೇ. ಸಾಹೇಬರು ಅದನ್ನು ಪೂರ್ತಿ ಕಿತ್ತು ಹೊಸ ತಾಮ್ರದ ವೈರು ಎಳೆದರು. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ, ಸೀಟಿನ ಕೆಳಗೆ ಕೂರಿಸಿದರು. ಅರ್ಥ್ (ಮೈನಸ್) ವೈರು ಕೂಡ ನೇರ ಬ್ಯಾಟರಿಗೇ. ಫ್ರೇಮಿಗೆ ಕೊಟ್ಟರೆ ಎಂಜಿನ್ ಏರಿಸಿದಂತೆಲ್ಲ ಸ್ಪೀಕರಿನಲ್ಲಿ 'ಕುಂಯ್' ಅನ್ನುವ ಸದ್ದು ಸೇರಿಕೊಳ್ಳಬಹುದಂತೆ. ನೀವು ಯಾರ ಹತ್ತಿರ ಮಾಡಿಸಿದರೂ ಈ ಎರಡನ್ನು ನಿಂತು ನೋಡಿ.

ನಿಜವಾದ ಕೆಲಸ ಸಂಜೆ ಶುರುವಾಯಿತು. ಲ್ಯಾಪ್‌ಟಾಪ್ ಸಿಕ್ಕಿಸಿ 100 ಹರ್ಟ್ಜ್‌ಗಿಂತ ಕೆಳಗಿನದನ್ನೆಲ್ಲ ಕತ್ತರಿಸಿದರು. 'ಬೇಸ್ ಹೋಯ್ತಲ್ಲಪ್ಪಾ' ಅಂದೆ. ರಸ್ತೆಯಲ್ಲಿ ಆ ಬೇಸನ್ನು ಗಾಳಿ ಹೇಗೂ ನುಂಗಿಹಾಕುತ್ತದೆ, ಸುಮ್ಮನೆ ಸ್ಪೀಕರಿನ ಕೋನ್ (ಅದುರುವ ಪೊರೆ) ಕುಣಿದು ಹಾಳಾಗುತ್ತದೆ ಅಂದರು. ಬದಲಿಗೆ ಮನುಷ್ಯರ ದನಿ ಇರುವ ಮಧ್ಯದ ಭಾಗವನ್ನು ಸ್ವಲ್ಪ ಎತ್ತಿದರು. ಅಂಗಡಿ ಮುಂದೆ ನಿಂತು ಕೇಳಿದರೆ ಕೊಂಚ ಒಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ನೆಲಮಂಗಲ ದಾಟಿದ ಮೇಲೆ ಅರ್ಥವಾಯಿತು. ಎಂಬತ್ತರಲ್ಲಿ ಪ್ರತಿ ಪದ ಸ್ಪಷ್ಟ, ಕೊಳಲು ಕೂಡ ಕೇಳುತ್ತದೆ. ತೊಂಬತ್ತೈದರ ಮೇಲೆ ತಾಳ ಉಳಿಯುತ್ತದೆ, ಪದ ಹೋಗುತ್ತದೆ. ಡೊಳ್ಳಿನ ಗುದ್ದು ಯಾವ ವೇಗದಲ್ಲೂ ಇಲ್ಲ, ನಿಂತಾಗಲೂ ಅಷ್ಟಕ್ಕಷ್ಟೆ. ಹಿಂದಿನ ಸೀಟಿನ ತೀರ್ಪು: 'ಪರವಾಗಿಲ್ಲ, ಈಗ ನಿಮ್ಮ ಬೆನ್ನಿಗೆ ಕಿವಿ ಕೊಡಬೇಕಾಗಿಲ್ಲ.'

ತಕರಾರು ಎರಡು. ಎಡಗಡೆ ಗ್ರಿಲ್ ಒಂದು ಆರ್‌ಪಿಎಂನಲ್ಲಿ ಗರಗರ ಅನ್ನುತ್ತದೆ, ಫೋಮ್ ಟೇಪ್ ಹಾಕಿಸಿದರೂ ಪೂರ್ತಿ ಹೋಗಿಲ್ಲ. ಇನ್ನೊಂದು, ಬಿಲ್. ಎಲ್ಲಾ ಸೇರಿ ಎಪ್ಪತ್ತು ಸಾವಿರದ ಆಸುಪಾಸು. ಅದರಲ್ಲಿ ದೊಡ್ಡ ಸ್ಪೀಕರನ್ನು ಹಳೇ ಜಾಗದಲ್ಲಿ ಕೂರಿಸುವ ಅಡಾಪ್ಟರ್ ರಿಂಗಿಗೆ ಹಾಕಿದ ರೇಟು ನನಗೆ ಇನ್ನೂ ನುಂಗಲಾಗಿಲ್ಲ, ಅದೊಂದು ಪ್ಲಾಸ್ಟಿಕ್ ಬಳೆ ಅಷ್ಟೇ.

ನಮ್ಮ ಬೀದಿಗೆ ಬಂದಾಗ ವಾಲ್ಯೂಮ್ ಇಳಿಸುತ್ತೇನೆ. ವಸತಿ ಪ್ರದೇಶದಲ್ಲಿ ಕಾನೂನಿನ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಇದು ಅದನ್ನು ಅರ್ಧ ವಾಲ್ಯೂಮಿನಲ್ಲೇ ದಾಟುತ್ತದೆ.

ಮಾಡಿಸುವವರು ವಾರದ ದಿನ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ. ಮಧ್ಯಾಹ್ನ ಆದರೆ ಅಷ್ಟು ದೊಡ್ಡ ಗಾಡಿ ನಿಲ್ಲಿಸಲು ಆ ಗಲ್ಲಿಯಲ್ಲಿ ಜಾಗವೇ ಇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಮಾಡಿದ ಟ್ಯೂನಿಂಗ್ ಫೈಲನ್ನು ಪೆನ್‌ಡ್ರೈವ್‌ಗೆ ಕೇಳಿ ಹಾಕಿಸಿಕೊಳ್ಳಿ, ಅವರಾಗಿ ಕೊಡುವುದಿಲ್ಲ.